ಅಡ್ಡ ಗೀಟು

ಸಂಜೆ ಬಂದವರನ್ನು ನಾನು ತಲೆಯಿಂದ ಎಣಿಸುವುದಿಲ್ಲ,
ಕಾಲಿನಿಂದ ಎಣಿಸುತ್ತೇನೆ.
ತಲೆ ಮುಂಡಾಸಿನೊಳಗೆ, ಚಾದರದೊಳಗೆ ಅಡಗೀತು;
ಹೊಸ್ತಿಲು ದಾಟುವ ಕಾಲು ಅಡಗುವುದಿಲ್ಲ.
ಎರಡು ಕಾಲಿಗೆ ಗೋಡೆಯ ಮೇಲೆ ಒಂದು ಇದ್ದಿಲ ಗೀಟು,
ಒಂದೊಂದು ತಂಡಕ್ಕೆ ಒಂದೊಂದು ಸಾಲು.
ಹೊರೆಗೆ ಗೀಟಿಲ್ಲ. ಹೊರೆಗೆ ಒಂದು ಬೆಣಚುಕಲ್ಲು, ಬುಟ್ಟಿಯಲ್ಲಿ.

ಯಜ್ದಿನಿಂದ ತಬಸಿಗೆ ಹೋಗುವ ಮರಳಿನ ದಾರಿ.
ಶೋರಾಬದ ಈ ಸರಾಯ್‌ಗೆ ಬಾಗಿಲು ಒಂದು,
ಸರಪಳಿ ಒಂದು, ಖುದಾವರ್ದಿ ಎಂಬ ನಾನು ಒಬ್ಬ.
ತೊಟ್ಟಿಯ ನೀರು ಉಪ್ಪು. ಹೊಸಬರು ಮುಖ ಕಿವುಚುತ್ತಾರೆ,
ಮೂರನೇ ಬೊಗಸೆಗೆ ಸುಮ್ಮನಾಗುತ್ತಾರೆ.
ಕತ್ತಲಾಗಿ ಸರಪಳಿ ಬಿದ್ದರೆ ಬಿತ್ತು;
ಹೊರಗುಳಿದವನು ಷಾಹನ ಸೋದರಳಿಯನಾದರೂ
ಗೋಡೆಗೆ ಬೆನ್ನು ಕೊಟ್ಟು ನರಿಗಳ ಜೊತೆ ಮಲಗಲಿ.

ಬೆಳಗಿನ ಕಟ್ಟಳೆ ಬೇರೆ.
ಹೊರೆ ಬಿಗಿದು, ಒಂಟೆ ಎದ್ದು, ಗಂಟೆಗಳು ಗಲಗುಡುವಾಗ
ನಾನು ಬಾಗಿಲಿಗೆ ಬೆನ್ನು ಹಚ್ಚಿ ನಿಂತು ಕೇಳಬೇಕು,
ಒಬ್ಬೊಬ್ಬರನ್ನೂ, ಹೆಸರು ಹಿಡಿದು:
"ಏನಾದರೂ ಕಳೆಯಿತೇ?"
ಎಲ್ಲರೂ ಇಲ್ಲ ಎನ್ನುವ ತನಕ ಸರಪಳಿ ಇಳಿಯದು.
ಒಮ್ಮೆ ಒಂದು ಸೂಜಿಗಾಗಿ ಮಧ್ಯಾಹ್ನದವರೆಗೆ ನಿಂತಿದ್ದೇವೆ.
ಸೂಜಿ ಅವನ ಅಂಗಿಯಲ್ಲೇ ಇತ್ತು.

ಆ ಸಲ, ದಾಳಿಂಬೆ ಬಿರಿಯುವ ತಿಂಗಳು.
ಜುಲ್ಫಾದ ಆರ್ಮೇನಿಯನ್ ವರ್ತಕ ಹೋವನ್ನೆಸ್, ಅವನ ರೇಷ್ಮೆ;
ಕೆರ್ಮಾನಿನ ಇಬ್ಬರು ಹಲ್ಲು ಕೀಳುವವರು, ಪರಸ್ಪರ ಮಾತಿಲ್ಲ;
ದಾದ್‌ಕರೀಂ ಮತ್ತು ಅವನ ನಲವತ್ತು ಒಂಟೆ.
ಎಲ್ಲರ ಹಿಂದೆ ಒಂದು ಹೇಸರಗತ್ತೆ, ಪಕ್ಕದಲ್ಲಿ ಹೆಂಗಸು.
ಗೀಟು ಮೂವತ್ತೊಂದಾಯಿತು.
"ನಮದೆಯಲ್ಲಿ ಸುತ್ತಿದ್ದು ಏನು?"
"ಒಣ ಗುಲಾಬಿ. ಮಶ್ಹದಿಗೆ."

ಗುಲಾಬಿಗೆ ಹೇಸರಗತ್ತೆಯ ಬೆನ್ನು ಹಾಗೆ ಬಾಗುವುದಿಲ್ಲ.
ಮಶ್ಹದಿನ ಮಣ್ಣು ಸಿಕ್ಕರೆ
ಸತ್ತವನಿಗೆ ಪ್ರಶ್ನೆ ಕಮ್ಮಿ ಎನ್ನುತ್ತಾರೆ.
ಹೆಣವೆಂದರೆ ಹೋವನ್ನೆಸ್ ಒಳಗೆ ಮಲಗುತ್ತಿರಲಿಲ್ಲ,
ಒಂಟೆ ಮೇವು ಬಿಡುತ್ತದೆಂದು ದಾದ್‌ಕರೀಂ ಕೂಗಾಡುತ್ತಿದ್ದ.
ಬುಟ್ಟಿಗೆ ಒಂದು ಬೆಣಚುಕಲ್ಲು ಹಾಕಿ ಒಳಬಿಟ್ಟೆ.

ಉತ್ತರದ ಮೂಲೆಯ ಗೂಡಿನಲ್ಲಿ ಅವಳು ಒಲೆ ಹಚ್ಚಲಿಲ್ಲ.
ಕಲ್ಲು ಸೀಳುವ ಚಳಿ.
ಬೆಂಕಿಯ ಹತ್ತಿರ ಏನು ಕೆಡುತ್ತದೆಂದು ಅವಳಿಗೆ ಗೊತ್ತಿತ್ತು.
ಲಾಂದ್ರ ಹಿಡಿದು ಸುತ್ತು ಬರುವಾಗ ಗೊಣಗು ಕೇಳಿತು.
ಪ್ರಾರ್ಥನೆ ಅಂದುಕೊಂಡೆ.
ಆಡುಗಳ ಲೆಕ್ಕ ಅದು: ಯಾವುದನ್ನು ಮಾರಿದೆ, ಎಷ್ಟಕ್ಕೆ,
ಕಿವಿ ಹರಿದ ಮರಿಯನ್ನು ಯಾಕೆ ಉಳಿಸಿಕೊಂಡೆ.
ನಡುನಡುವೆ ನಿಲ್ಲಿಸುತ್ತಿದ್ದಳು,
ಗಂಡಸೊಬ್ಬ ಹೂಂ ಎನ್ನುವಷ್ಟು ಹೊತ್ತು.

ಬೆಳಗಾಯಿತು.
"ಕಳೆಯಿತೇ, ಹೋವನ್ನೆಸ್?" "ಇಲ್ಲ."
"ದಾದ್‌ಕರೀಂ?" "ಇಲ್ಲ ಮಾರಾಯ, ಬಾಗಿಲು ತೆಗಿ."
ಮೂವತ್ತು ಇಲ್ಲಗಳು.
"ಮಾಹ್‌ಪಾರೆ?"
ಬಾಯಿ ತೆರೆದಳು. ಮುಚ್ಚಿದಳು.

ಬಿಸಿಲು ಕಮಾನಿನಿಂದ ಇಳಿದು ತೊಟ್ಟಿಯ ಅಂಚಿಗೆ ಬಂತು.
ಎದ್ದ ಒಂಟೆಗಳು ಮತ್ತೆ ಮಂಡಿಯೂರಿದವು.
"ಇಲ್ಲ ಅಂದುಬಿಡೇ ತಾಯಿ!" ಹಲ್ಲು ಕೀಳುವವರು
ಮೊದಲ ಬಾರಿಗೆ ಒಟ್ಟಿಗೆ ಕೂಗಿದರು.
ಸಂಜೆ ಗುಲಾಬಿ ಎಂದ ಅದೇ ನಾಲಿಗೆ
ಈಗ ಎರಡಕ್ಷರಕ್ಕೆ ಒಪ್ಪುತ್ತಿಲ್ಲ.
ನಾನೂ ಅವಸರ ಮಾಡಲಿಲ್ಲ, ಯಾಕೋ.

"ಕಳೆದಿದೆ," ಎಂದಳು. "ಇಲ್ಲಿ ಅಲ್ಲ."

ಕಟ್ಟಳೆ ಕೇಳುವುದು ಗೋಡೆಯ ಒಳಗಿನದನ್ನು ಮಾತ್ರ.
ಸರಪಳಿ ಇಳಿಸಿದೆ.

ಚಳಿಗಾಲದಲ್ಲಿ ಯಜ್ದಿನಿಂದ ಲೆಕ್ಕದವನು ಬಂದ, ಮಿರ್ಜಾ ಕಲ್ಬ್‌ಅಲಿ.
ಮೂಗಿಗೆ ಉಣ್ಣೆ ಸುತ್ತಿಕೊಂಡು, ಗೀಟಿನ ಮೇಲೆ ಬೆರಳಿಟ್ಟು ಎಣಿಸಿದ.
"ವರ್ತಕರ ಪಟ್ಟಿಯಲ್ಲಿ ಮೂವತ್ತೊಂದು. ಇಲ್ಲಿ ಮೂವತ್ತೆರಡು.
ಕೊನೆಯದನ್ನು ಅಡ್ಡ ಎಳೆದಿದ್ದೀಯಲ್ಲ, ಯಾರು ಇವನು?"
"ಮಲಗಿ ಬಂದ, ಮಲಗಿ ಹೋದ."
"ದುಡ್ಡು?"
"ಡಬ್ಬಿಯಲ್ಲಿದೆ, ಎಣಿಸಿಕೊಳ್ಳಿ.
ಹೊರೆಯ ಬುಟ್ಟಿಯಲ್ಲಿ ಒಂದು ಕಲ್ಲು ಕಮ್ಮಿ ಬರುತ್ತದೆ.
ಅದನ್ನು ನಾನೇ ಎಸೆದೆ."